ಸ್ವಿಂಡನ್ನಿನ ರೈಲ್ವೆ ಊರು

ಪ್ರಶ್ನೆ: ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ರೈಲ್ವೆ ಕಂಪನಿ ಕೆಲಸಗಾರರಿಗಾಗಿ ಒಂದು ಊರನ್ನೇ ಕಟ್ಟಿಸಿತ್ತಂತೆ. ನಮ್ಮ ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸ್ ಹಾಗೇ ಇತ್ತೇನು? ಅಲ್ಲಿ ಜನ ಹೇಗೆ ಬದುಕುತ್ತಿದ್ದರು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎರಡೂ ವರ್ಕ್‌ಶಾಪಿನ ಬೆನ್ನಿಗೆ ಹುಟ್ಟಿದವು. ಹುಬ್ಬಳ್ಳಿಯ ವರ್ಕ್‌ಶಾಪ್ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಟ್ಟಿದ್ದು. ಸ್ವಿಂಡನ್ನಿನದು ಗ್ರೇಟ್ ವೆಸ್ಟರ್ನ್ ರೈಲ್ವೆಯದು, ಶುರುವಾದದ್ದು 1843ರಲ್ಲಿ. ಲಂಡನ್ನಿನಿಂದ ಅಲ್ಲಿವರೆಗೆ ಹಳಿ ಹೆಚ್ಚುಕಡಿಮೆ ಸಮತಟ್ಟು, ಮುಂದೆ ಬ್ರಿಸ್ಟಲ್ ಕಡೆಗೆ ಇಳಿಜಾರು ಜೋರು. ಎಂಜಿನ್ ಬದಲಿಸಲು ಇದೇ ತಕ್ಕ ಜಾಗವೆಂದು ಕಂಪನಿಯ ಎಂಜಿನ್‌ಗಳ ಮೇಲ್ವಿಚಾರಕ ಡೇನಿಯಲ್ ಗೂಚ್ 1840ರಲ್ಲಿ ಮುಖ್ಯ ಎಂಜಿನಿಯರ್ ಬ್ರುನೆಲ್‌ಗೆ ಬರೆದಿದ್ದ. ಹಳೆಯ ಊರು ದೂರದ ಗುಡ್ಡದ ಮೇಲಿತ್ತು. ಕೆಳಗಿನ ಬಯಲಲ್ಲಿ ಮನೆ ಕಟ್ಟದೆ ಗತಿಯಿರಲಿಲ್ಲ.

ಕಂಪನಿಯ ಹತ್ತಿರ ದುಡ್ಡಿರಲಿಲ್ಲ. ಸುಮಾರು 300 ಮನೆಗಳನ್ನೂ ಸ್ಟೇಷನ್ನನ್ನೂ ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಕಟ್ಟಬೇಕು. ಬದಲಿಗೆ ಮನೆಬಾಡಿಗೆ ಅವರಿಗೆ, ಸ್ಟೇಷನ್ನಿನ ಉಪಾಹಾರಗೃಹ 99 ವರ್ಷ ಅವರದು, ಪ್ಯಾಸೆಂಜರ್ ರೈಲುಗಳು ಅಲ್ಲಿ 10 ನಿಮಿಷ ನಿಲ್ಲಲೇಬೇಕು ಎಂದು ಕರಾರಾಯಿತು. ಎಕ್ಸ್‌ಪ್ರೆಸ್ ಗಾಡಿಗಳ ಕಾಲ ಬಂದಾಗ ಆ ಹತ್ತು ನಿಮಿಷವೇ ಕೊರಳಿಗೆ ಉರುಳಾಗಿ, 1895ರಲ್ಲಿ 1 ಲಕ್ಷ ಪೌಂಡ್ ತೆತ್ತು ಕಂಪನಿ ಬಿಡಿಸಿಕೊಂಡಿತು.

ಕಲ್ಲಿನ ಸಾಲುಮನೆಗಳು, ಹಿಂದೆ ಚಿಕ್ಕ ಹಿತ್ತಲು, ಅದರಾಚೆ ಓಣಿ. ಬೀದಿಗಳಿಗೆ ಸ್ಟೇಷನ್ನುಗಳ ಹೆಸರು: ಚೌಕದ ಪೂರ್ವಕ್ಕೆ ಲಂಡನ್, ರೀಡಿಂಗ್, ಪಶ್ಚಿಮಕ್ಕೆ ಬ್ರಿಸ್ಟಲ್, ಎಕ್ಸೆಟರ್. ನಮ್ಮಲ್ಲಿ ಹಾಗೆ ಇಟ್ಟಿದ್ದರೆ ಒಂದು ಕಡೆ ಅಣ್ಣಿಗೇರಿ ಬೀದಿ, ಇನ್ನೊಂದು ಕಡೆ ಅಳ್ನಾವರ ಬೀದಿ ಇರುತ್ತಿದ್ದವು. ಆದರೆ ಮೊದಲ ವರ್ಷಗಳಲ್ಲಿ ಒಂದೇ ಮನೆಯಲ್ಲಿ ಎರಡು ಸಂಸಾರ, ಸಾಲದ್ದಕ್ಕೆ ಬಾಡಿಗೆಯವರು. ಚರಂಡಿ ಸರಿಯಿರಲಿಲ್ಲ, ಜ್ವರ ಮನೆಮನೆಗೂ ಹಬ್ಬುತ್ತಿತ್ತು.

ನಮ್ಮ ಕಾಲೊನಿಗಿಂತ ಅದು ಬೇರೆಯಾಗುವುದು ಇಲ್ಲಿಯೇ. ಹುಬ್ಬಳ್ಳಿಯಲ್ಲಿ ಆಸ್ಪತ್ರೆ ರೈಲ್ವೆಯದು. ಅಲ್ಲಿ 1847ರಲ್ಲಿ ವೈದ್ಯಕೀಯ ನಿಧಿ ಹುಟ್ಟಿತು: ವಾರವಾರ ಕೆಲಸಗಾರರ ಪಗಾರದಲ್ಲಿ ಒಂದಿಷ್ಟು ಮುರಿದು, ಇಡೀ ಕುಟುಂಬಕ್ಕೆ ಡಾಕ್ಟರು, ಔಷಧಿ. ಮುಂದೆ ಅದೇ ಹಣದಿಂದ ಆಸ್ಪತ್ರೆ, ಹಲ್ಲಿನ ವೈದ್ಯರು, ಸ್ನಾನಗೃಹಗಳೂ ಬಂದವು. 1948ರಲ್ಲಿ ಸರ್ಕಾರದ ಆರೋಗ್ಯ ಸೇವೆ ಬರುವವರೆಗೆ ಅದು ನಡೆಯಿತು. 1844ರ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ ಎಂಬ ಕೆಲಸಗಾರರ ಸಂಘದಲ್ಲಿ ಗ್ರಂಥಾಲಯ, ಸಂಜೆ ತರಗತಿ, ನಾಟಕ. ಅದರದೇ ‘ಟ್ರಿಪ್’ 1849ರಲ್ಲಿ ಸುಮಾರು 500 ಜನರೊಂದಿಗೆ ಆಕ್ಸ್‌ಫರ್ಡಿಗೆ ಹೋದದ್ದು, ಬರಬರುತ್ತ ಊರೇ ಸಮುದ್ರತೀರಕ್ಕೆ ಹೊರಡುವ ವಾರ್ಷಿಕ ರಜೆಯಾಯಿತು. ರೈಲು ಪುಕ್ಕಟೆ, ಆ ರಜೆಗೆ ಪಗಾರ ಮಾತ್ರ ಬಹುಕಾಲ ಇರಲಿಲ್ಲ, ವರ್ಷವಿಡೀ ಕೂಡಿಟ್ಟು ಹೋಗಬೇಕಿತ್ತು.

ವರ್ಕ್‌ಶಾಪ್ 1986ರಲ್ಲಿ ಮುಚ್ಚಿತು. ಮನೆಗಳನ್ನು 1960ರ ದಶಕದಲ್ಲೇ ನಗರಸಭೆ ಕೊಂಡು ದುರಸ್ತಿ ಮಾಡಿಸಿತ್ತು. ಇಂದಿಗೂ ಅಲ್ಲಿ ಜನ ವಾಸವಿದ್ದಾರೆ.