ಪ್ರತಿಕ್ರಿಯೆ: ಇಮ್ಯುನಾಲಜಿ ಹಿಡೀಲೋ, ಬ್ಯಾಕ್ಟೀರಿಯಾದ ಚಯಾಪಚಯ ಹಿಡೀಲೋ?

ತಂಗಿ, ವಿಜಯಪುರದಾಗ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಾಕತ್ತೀನಿ, ಪಿಎಚ್‌.ಡಿ.ಗೆ ಇಮ್ಯುನಾಲಜಿ (ದೇಹದ ರೋಗನಿರೋಧಕ ಶಕ್ತಿಯ ಅಧ್ಯಯನ) ಹಿಡೀಲೋ, ಬ್ಯಾಕ್ಟೀರಿಯಾದ ಚಯಾಪಚಯ (ಅವು ಆಹಾರ ಬಳಸೋ ರಾಸಾಯನಿಕ ಕ್ರಿಯೆ) ಹಿಡೀಲೋ ಅಂತ ಕೇಳಿದಿ. ನಾ ಎರಡರಾಗೂ ಕೆಲಸ ಮಾಡೀನಿ, ಬೇರೆ ಬೇರೆ ಅಂತ ನನಗ ಎಂದೂ ಅನಿಸಿಲ್ಲ.

ಎರಡೂ ಹೆಂಗ ಕೂಡ್ತಾವ ಅನ್ನಾಕ ಇಟಕೋನೇಟ್ ಅನ್ನೋ ಸಣ್ಣ ಅಣು ತಗೋ. ಸೋಂಕು ತಗಲಿದಾಗ ನಮ್ಮ ಮ್ಯಾಕ್ರೊಫೇಜ್ (ರೋಗಾಣು ನುಂಗೋ ರಕ್ಷಣಾ ಕೋಶ) ಕ್ರೆಬ್ಸ್ ಚಕ್ರದಾಗಿನ (ಕೋಶ ಶಕ್ತಿ ಮಾಡ್ಕೊಳ್ಳೋ ಕ್ರಿಯೆಗಳ ಸರಣಿ) ಸಿಸ್-ಅಕೊನಿಟೇಟ್ ಅನ್ನೋ ಅಣುವಿನಿಂದ ಇದನ್ನ ಮಾಡ್ತದ. ಅದು ಬ್ಯಾಕ್ಟೀರಿಯಾದ ಐಸೊಸಿಟ್ರೇಟ್ ಲಯೇಸ್ ಕಿಣ್ವವನ್ನ ತಡೀತದ. ಕೊಬ್ಬಿನಾಮ್ಲ ತಿಂದು ಬದುಕೋ ಕ್ಷಯದ ಬ್ಯಾಕ್ಟೀರಿಯಾಕ್ಕ ಆ ಕಿಣ್ವ ಬೇಕೇ ಬೇಕು. 2018ರಾಗ ಇನ್ನೊಂದು ಗೊತ್ತಾತು: ಇಟಕೋನೇಟ್ ನಮ್ಮ ಕೋಶದ ಕೀಪ್1 ಪ್ರೋಟೀನನ್ನ ಬದಲಿಸಿ, ಅದು ಹಿಡಿದಿಟ್ಟ ಎನ್‌ಆರ್‌ಎಫ್2 ಅನ್ನೋ ರಕ್ಷಣಾ ಪ್ರೋಟೀನನ್ನ ಎಬ್ಬಸ್ತದ, ಉರಿಯೂತ ತಗ್ಗತದ. ಇದನ್ನ ಓದಿದ ರಾತ್ರಿ ನನಗ ನಿದ್ದಿ ಬರಲಿಲ್ಲ.

ನಾವು ತಿನ್ನೋ ಜ್ವಾಳದ ರೊಟ್ಟಿಯ ನಾರೂ ಹಂಗ. ಕರುಳಿನ ಬ್ಯಾಕ್ಟೀರಿಯಾ ನಾರನ್ನ ಹುಳಿಸಿ ಬ್ಯುಟಿರೇಟ್ ಅನ್ನೋ ಸಣ್ಣ ಕೊಬ್ಬಿನಾಮ್ಲ ಮಾಡ್ತಾವ, ಅದು ರೋಗನಿರೋಧಕ ಶಕ್ತಿ ಅತಿಯಾಗದಂಗ ತಡೆಯೋ ನಿಯಂತ್ರಕ ಟಿ ಕೋಶ ಬೆಳಸ್ತದ. ಆದರ ಈ ಬ್ಯಾಕ್ಟೀರಿಯಾಕ್ಕ ಆಮ್ಲಜನಕ ತಗಲಬಾರದು. ಅವನ್ನ ಬೆಳೆಸೋ ಅನೇರೋಬಿಕ್ ಚೇಂಬರಿನ (ಆಮ್ಲಜನಕ ಇಲ್ಲದ ಪೆಟ್ಟಿಗಿ) ರಬ್ಬರ್ ಗ್ಲೌಸಿನಾಗ ಕೈ ಬೆವತು, ಮುಚ್ಚಳ ತಿರುವಾಕೂ ಆಗದಂಗ ಆಗ್ತದ. ಆ ತಾಳ್ಮಿ ಐತೇನು ನೋಡ್ಕೋ.

ಮೊದಲು ಸಿಎಸ್‌ಐಆರ್ ನೆಟ್ ಪರೀಕ್ಷಿ ಬರಿ, ಜೆಆರ್‌ಎಫ್ (ಸಂಶೋಧನಾ ವಿದ್ಯಾರ್ಥಿವೇತನ) ಸಿಕ್ಕರ ತಿಂಗಳ ಖರ್ಚಿನ ಚಿಂತಿ ಕಡಿಮಿ. ವಿಷಯಕ್ಕಿಂತ ಗೈಡ್ ನೋಡು, ಅವರ ಹಳೇ ವಿದ್ಯಾರ್ಥಿಗಳಿಗೆ ಫೋನ್ ಹಚ್ಚು.