ಮುಚ್ಚಿಹೋದ ಎನ್‌ಕೆಬಿಯ ಹಸಿರು ಮಸಾಲಾ ಇಡ್ಲಿಯನ್ನು ಮನೆಯಲ್ಲಿ ಮಾಡುವುದು ಹೇಗೆ?

ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿದ್ದ ಹೋಟೆಲ್ ನ್ಯೂ ಕೃಷ್ಣ ಭವನ (ಎನ್‌ಕೆಬಿ) 1954ರಲ್ಲಿ ಶುರುವಾಗಿ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅಲ್ಲಿನ ಹಸಿರು ಮಸಾಲಾ ಇಡ್ಲಿಯನ್ನು ನೆನೆಯದ ಹಳೇ ಮಲ್ಲೇಶ್ವರದವರು ಕಡಿಮೆ. ಹೋಟೆಲಿನ ಪಾಕವೇ ಇದಲ್ಲ, ಆದರೆ ರುಚಿ ಹತ್ತಿರಕ್ಕೆ ಬರುತ್ತದೆ.

ಎಂಟು ಇಡ್ಲಿಗೆ ಎರಡು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ಹಿಡಿ ಪುದೀನ, 4 ಹಸಿಮೆಣಸಿನಕಾಯಿ, ಅರ್ಧ ಇಂಚು ಶುಂಠಿ, 2 ಚಮಚ ತೆಂಗಿನತುರಿ, 1 ಚಮಚ ಹುರಿಗಡಲೆ, ಉಪ್ಪು. ಎರಡೇ ಚಮಚ ನೀರು ಹಾಕಿ ಗಟ್ಟಿಯಾಗಿ ರುಬ್ಬಿ. ನೀರು ಹೆಚ್ಚಾದರೆ ಇಡ್ಲಿ ಅದನ್ನೆಲ್ಲ ಹೀರಿ ಮುದ್ದೆಯಾಗುತ್ತದೆ. ಪುದೀನವಂತೂ ಅಳತೆ ಮೀರಬಾರದು, ಕಹಿ ಬಂದುಬಿಡುತ್ತದೆ.

ಎಣ್ಣೆ, ತುಪ್ಪ ಸೇರಿಸಿ ಕಾಯಿಸಿ, ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ ಕೊಟ್ಟು ಮಸಾಲೆ ಹಾಕಿ. ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗಿ, ಅಂಚಿನಲ್ಲಿ ಎಣ್ಣೆ ಮಿನುಗುವವರೆಗೆ ಬಾಡಿಸಿ. ಮೂರ್ನಾಲ್ಕು ನಿಮಿಷ ಸಾಕು. ಇನ್ನೂ ಹುರಿದರೆ ಆ ಎಳೆಹಸಿರು ಕಂದುಬಣ್ಣಕ್ಕೆ ತಿರುಗುತ್ತದೆ.

ಇಡ್ಲಿ ಪೂರ್ತಿ ಆರಿರಲೇಬೇಕು, ಫ್ರಿಜ್‌ನಲ್ಲಿಟ್ಟ ನಿನ್ನೆಯದಾದರೆ ಇನ್ನೂ ಒಳ್ಳೆಯದು. ಬಿಸಿ ಇಡ್ಲಿ ಬಾಣಲೆಯಲ್ಲಿ ಪುಡಿಪುಡಿಯಾಗುತ್ತದೆ. ನಾಲ್ಕು ತುಂಡು ಮಾಡಿ ಮಸಾಲೆಗೆ ಹಾಕಿ, ಸೌಟಿನಿಂದ ಕಲಕದೆ ಬಾಣಲೆಯನ್ನೇ ಕುಲುಕಿ, ಮುಚ್ಚಳ ಹಾಕಿ ಎರಡು ನಿಮಿಷ ಬಿಡಿ. ನಿಂಬೆರಸ ಒಲೆ ಆರಿಸಿದ ಮೇಲೆ. ಹುಳಿ ಮೊದಲೇ ಬಿದ್ದರೆ ಸೊಪ್ಪಿನ ಬಣ್ಣ ಮಂಕಾಗುತ್ತದೆ.