ಸೊಪ್ಪು ಕೀಳುವ ಅಜ್ಜಿಗೆ ಗೇಟು ಮುಚ್ಚಬೇಡಿ

ಓದುಗರ ಪತ್ರ:
ನಮ್ಮ ಬಡಾವಣೆ ಕೆರೆಯ ದಂಡೆಯಲ್ಲಿದೆ. ಕೊಳಚೆಗುಂಡಿಯಂತಿದ್ದ ಕೆರೆಯನ್ನು ಕೆಲವು ವರ್ಷಗಳ ಹಿಂದೆ ಹೂಳೆತ್ತಿ, ಸುತ್ತ ನಡೆಯುವ ದಾರಿ ಮಾಡಿದ್ದಾರೆ. ಪ್ರತಿ ಭಾನುವಾರ ನಾವು ನಿವಾಸಿಗಳು ಸೇರಿ ಪ್ಲಾಸ್ಟಿಕ್ ಹೆಕ್ಕುತ್ತೇವೆ. ಆದರೆ ಹಳೆಯ ಊರಿನ ಕಡೆಯಿಂದ ಹೊರಗಿನವರು ಬಂದು ಎಮ್ಮೆ ಇಳಿಸುತ್ತಾರೆ, ಹುಲ್ಲು ಕೊಯ್ಯುತ್ತಾರೆ, ಗಾಳ ಹಾಕುತ್ತಾರೆ. ಒಬ್ಬ ಅಜ್ಜಿ ದಿನಾ ಬಂದು ಸೊಪ್ಪು ಕೀಳುತ್ತಾರೆ. ಬೇಲಿ ಎತ್ತರಿಸಿ, ಹಳ್ಳಿ ಕಡೆಯ ಸಣ್ಣ ಗೇಟು ಮುಚ್ಚಬೇಕು ಎಂದು ನಮ್ಮ ಸಂಘ ತೀರ್ಮಾನಿಸುತ್ತಿದೆ. ನಾನೂ ಕೈ ಎತ್ತಿದ್ದೇನೆ. ಕೆರೆ ಉಳಿಯಬೇಕಾದರೆ ಇದೇ ದಾರಿ ಅಲ್ವಾ?
— ಹೆಸರು ಬೇಡ ಎಂದಿರುವ ನಿವೃತ್ತ ಶಿಕ್ಷಕಿ, ಸರ್ಜಾಪುರ ರಸ್ತೆ, ಬೆಂಗಳೂರು

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಭಾನುವಾರ ಬೆಳಿಗ್ಗೆ ಎದ್ದು, ಯಾರೋ ಎಸೆದ ಬಾಟಲಿ, ಕವರು ಹೆಕ್ಕುವುದು ಸಣ್ಣ ಕೆಲಸವಲ್ಲ. ನಿಮ್ಮಂಥವರು ಕಣ್ಣಿಟ್ಟಿರದಿದ್ದರೆ ಆ ಕೆರೆ ಇಷ್ಟು ಹೊತ್ತಿಗೆ ಸೈಟುಗಳಾಗಿ ಹೋಗಿರುತ್ತಿತ್ತು. ಬೇಲಿ ಬೇಕು ಅನ್ನುವವರ ಮಾತಿನಲ್ಲೂ ಸತ್ಯ ಇದೆ. ರಾತ್ರಿ ಲಾರಿಯಲ್ಲಿ ಕಟ್ಟಡದ ಮಣ್ಣು ತಂದು ಸುರಿಯುವವರನ್ನು ಬೇಲಿ ತಡೆಯುತ್ತದೆ. ಒತ್ತುವರಿಗೆ ಅಡ್ಡ ನಿಲ್ಲುತ್ತದೆ. ಆಡುವ ಮಕ್ಕಳಿಗೂ ಕ್ಷೇಮ. ಅಷ್ಟನ್ನು ಒಪ್ಪಿದೆ.

ಆದರೆ ನಿಮ್ಮ ಪತ್ರದ ಒಂದು ಪದ ನನ್ನನ್ನು ಚುಚ್ಚಿತು. 'ಹೊರಗಿನವರು'. ನಿಮ್ಮ ಕೆರೆಗೆ ಹೆಸರು ಬಂದದ್ದೇ ಆ ಹಳ್ಳಿಯಿಂದ. ಏರಿಯ ಕೆಳಗಿದ್ದ ಅಚ್ಚುಕಟ್ಟಿನಲ್ಲಿ ಭತ್ತ, ರಾಗಿ ಬೆಳೆದವರ ಮೊಮ್ಮಕ್ಕಳು ಈಗ ಎಮ್ಮೆ ಹೊಡೆದುಕೊಂಡು ಬರುತ್ತಿದ್ದಾರೆ. ಅವರ ಹೊಲದ ಮೇಲೆ ನಮ್ಮ ಅಪಾರ್ಟ್‌ಮೆಂಟುಗಳು ಎದ್ದವು. ಉಳಿದಿರುವುದು ನೀರಂಚಿನ ಒಂದಿಷ್ಟು ಹುಲ್ಲು. ಅದಕ್ಕೂ ಈಗ ಗೇಟು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನೀವು. ಕೈ ಎತ್ತುವ ಮೊದಲು ಆ ಅಜ್ಜಿಯನ್ನು ಒಂದು ಮಾತು ಕೇಳಬೇಕಿತ್ತು ಅಂತ ನಿಮಗೆ ಅನಿಸಲಿಲ್ಲವೇ?

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವನು. ನಮ್ಮೂರ ಕೆರೆಗೆ ಒಬ್ಬ ನೀರುಗಂಟಿ ಇದ್ದರು. ಗುದ್ದಲಿಯನ್ನು ಹೆಗಲಿಗೇರಿಸಿ ಏರಿಯ ಮೇಲೆ ನಡೆಯುತ್ತಿದ್ದ ಅವರು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ಮಳೆಗಾಲದ ರಾತ್ರಿ ಎದ್ದು ಹೋಗಿ ಏರಿಯಲ್ಲಿ ನೀರು ಜಿನುಗುತ್ತಿದೆಯಾ ಎಂದು ಕಂದೀಲು ಹಿಡಿದು ಹುಡುಕುವುದು, ಎಲ್ಲ ಅವರದೇ ಕೆಲಸ. ಒಂದು ವರ್ಷ ಕೆರೆ ಅರ್ಧ ಮಾತ್ರ ತುಂಬಿತು. ಜಮೀನು ಜಾಸ್ತಿ ಇದ್ದವರು ಎರಡನೇ ಬೆಳೆಗೆ ನೀರು ಬಿಡು ಅಂದರು. ನೀರುಗಂಟಿ ತೂಬು ಎತ್ತಲಿಲ್ಲ. 'ಬೇಸಿಗೆಗೆ ದನ ಏನು ಕುಡಿಯಬೇಕು?' ಎಂದು ಕೇಳಿದರಂತೆ. ಅವರಿಗೆ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಒಂದೊಂದು ಮನೆಯವರು ಇಷ್ಟಿಷ್ಟು ಕಾಳು ಅಳೆದು ಕೊಡುತ್ತಿದ್ದರು.

ಅವರು ದಲಿತ ಕೇರಿಯವರು. ಊರಿಗೆಲ್ಲ ನೀರು ಹಂಚುತ್ತಿದ್ದ ಆ ಮನುಷ್ಯ ಮೇಲುಜಾತಿಯವರ ಸೇದುವ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅದನ್ನು ಮರೆತು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಬರೆಯಲಾರೆ. ಹೇಳಬೇಕಾದದ್ದು ಇಷ್ಟೇ. ಕೆರೆಯನ್ನು ದಿನವೂ ನೋಡುವ, ಅದರಿಂದ ಅನ್ನ ಕಾಣುವ ಒಬ್ಬ ಮನುಷ್ಯ ಆಗ ಇದ್ದ. ನಮ್ಮ ಶಾಸನಗಳನ್ನು ನೋಡಿ. ಬಿತ್ತುವಟ್ಟ, ದಸವಂದ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯ ದುರಸ್ತಿಗೆಂದು, ಕೆರೆ ಕಟ್ಟಿದವರಿಗೆಂದು ಬಿಟ್ಟ ಜಮೀನು, ಫಸಲಿನ ಪಾಲು ಅವು. ಕೆರೆ ಕಟ್ಟಿದವರು ಅದನ್ನು ನೋಡಿಕೊಳ್ಳುವವರ ಊಟಕ್ಕೂ ದಾರಿ ಮಾಡಿಯೇ ಕಟ್ಟಿದ್ದರು.

ಬೆಂಗಳೂರಿನ ಕೆರೆಗಳು ಸತ್ತದ್ದು ಹೇಗೆ ಎಂದು ಒಮ್ಮೆ ಯೋಚಿಸಿ. ಈ ಊರಿಗೆ ದೊಡ್ಡ ನದಿಯಿಲ್ಲ. ಎತ್ತರದ ದಿಣ್ಣೆಯ ಮೇಲಿರುವ ಊರು. ಅದಕ್ಕೇ ಇಳಿಜಾರಿನುದ್ದಕ್ಕೂ ಸರದ ಮಣಿಗಳಂತೆ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ. 1974ರಲ್ಲಿ ಕಾವೇರಿ. ನೀರು ನಲ್ಲಿಯಲ್ಲಿ ಬರತೊಡಗಿದ ಮೇಲೆ ಕೆರೆಯ ಕಡೆ ನೋಡುವವರು ಕಮ್ಮಿಯಾದರು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಆಟದ ಸ್ಟೇಡಿಯಂ ಎದ್ದಿತು.

ಸಂಪಂಗಿ ಕೆರೆಯ ಕತೆ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಅಲ್ಲಿ ತೋಟಗಾರರಿಗೆ ತರಕಾರಿ, ಹೂವಿನ ತೋಟಕ್ಕೆ ನೀರು ಬೇಕಿತ್ತು. ದಂಡಿನ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನ ಕಡೆಯವರಿಗೆ ಪೋಲೋ ಆಡಲು ಒಣ ನೆಲ ಬೇಕಿತ್ತು. ಯಾರ ಮಾತು ನಡೆಯಿತು ಅಂತ ಇವತ್ತಿನ ಕಂಠೀರವ ಕ್ರೀಡಾಂಗಣ ನೋಡಿದರೆ ಗೊತ್ತಾಗುತ್ತದೆ. ಉಳಿದಿರುವುದು ಪಕ್ಕದ ಒಂದು ಸಣ್ಣ ಕೊಳ. ಅದು ಉಳಿದದ್ದಾದರೂ ಯಾಕೆ? ಬೆಂಗಳೂರು ಕರಗದ ಉತ್ಸವಕ್ಕೆ ಅದು ಬೇಕು. ಆ ನೀರಿನ ಜೊತೆ ಕೆಲಸ ಇರುವ ಜನ ಇನ್ನೂ ಇದ್ದಾರೆ. ಆಟದ ಬಯಲು ಕೇಳಿದವರ ಜಾಗದಲ್ಲಿ ಇವತ್ತು ವಾಕಿಂಗ್ ಟ್ರ್ಯಾಕ್ ಕೇಳುವ ನಾವು ಇದ್ದೇವೆ. ಈ ಮಾತು ನಿಮಗೆ ನೋವು ಮಾಡಿದರೆ ಕ್ಷಮಿಸಿ. ಬರೆಯದೆ ಇರಲಾಗಲಿಲ್ಲ.

ಈಗ ನೀರಿನ ವಿಷಯಕ್ಕೆ ಬರೋಣ. ನೀವು ಹೆಕ್ಕುವ ಪ್ಲಾಸ್ಟಿಕ್ ಕಣ್ಣಿಗೆ ಕಾಣುತ್ತದೆ. ಕೆರೆಯನ್ನು ಕೊಲ್ಲುವುದು ಕಣ್ಣಿಗೆ ಕಾಣದೆ ಬರುತ್ತದೆ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುತ್ತೇವೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತದಿಂದ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವ ಯೋಜನೆ ಶುರುವಾಯಿತು. ಬಹಳ ಸಂತೋಷ. ಆದರೆ ಅಷ್ಟು ನೀರು ಬಚ್ಚಲು, ಕಕ್ಕಸಿನಿಂದ ಹೊರಗೆ ಬಿದ್ದ ಮೇಲೆ ಎಲ್ಲಿಗೆ ಹೋಗಬೇಕು? ಇಳಿಜಾರು ಎಲ್ಲಿದೆಯೋ ಅಲ್ಲಿಗೆ. ಇಳಿಜಾರಿನ ಕೊನೆಯಲ್ಲಿ ಕೆರೆ ಇದೆ.

ಬೆಳ್ಳಂದೂರನ್ನೇ ನೋಡಿ. ನಿಮ್ಮ ಮನೆಯಿಂದ ದೂರವೇನಿಲ್ಲ. ಸುಮಾರು 900 ಎಕರೆ, ಊರಿನ ಅತಿ ದೊಡ್ಡ ಕೆರೆ. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಸೈನಿಕರು ಬಂದು ಆರಿಸಬೇಕಾಯಿತು. ಆ ನೊರೆ ಎಮ್ಮೆ ಮೈ ತೊಳೆದದ್ದರಿಂದ ಬಂದದ್ದಲ್ಲ. ಅದು ನಮ್ಮ ವಾಷಿಂಗ್ ಮೆಷಿನ್ನಿನ ಸೋಪು, ನಮ್ಮ ಕೊಳಚೆ. ಅದು ಅಲ್ಲಿಂದ ವರ್ತೂರು ಕೆರೆಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿ ನದಿಗೆ ಸೇರಿ ತಮಿಳುನಾಡಿನ ರೈತರ ಗದ್ದೆಯವರೆಗೂ ಹೋಗುತ್ತದೆ.

ನಾನು ಈಗ ಇರುವ ಬಡಾವಣೆಯಲ್ಲೂ ಒಂದು ಕೆರೆ ಇದೆ. ಒಂದು ಏಪ್ರಿಲ್ ರಾತ್ರಿ ಮೊದಲ ಮಳೆ ಜೋರಾಗಿ ಬಂತು. ಬೆಳಿಗ್ಗೆ ವಾಕಿಂಗ್ ಹೋದರೆ ದಂಡೆಯ ತುಂಬ ಬೆಳ್ಳಗೆ ಸತ್ತ ಮೀನು. ಚರಂಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳಚೆಯನ್ನು ಮಳೆ ಒಂದೇ ಸಲ ಕೆರೆಗೆ ನೂಕಿತ್ತು. ಕೊಳಚೆ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಮುಗಿದುಹೋಗುತ್ತದೆ, ಮೀನು ಉಸಿರು ಕಟ್ಟಿ ಸಾಯುತ್ತದೆ. ಅಲ್ಲಿ ಗಾಳ ಹಾಕುತ್ತಿದ್ದ ಹುಡುಗನೊಬ್ಬ ಹೇಳಿದ: 'ಸಾರ್, ನಾಲ್ಕು ದಿನದಿಂದ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡ್ತಿತ್ತು. ಕಾವಲುಗಾರನಿಗೆ ಹೇಳಿದೆ. ಹೊರಗೆ ನಡಿ ಅಂದ.' ದಿನಾ ಆರು ಸುತ್ತು ಹಾಕುತ್ತಿದ್ದ ನಮಗೆ ಯಾರಿಗೂ ಅದು ಕಂಡಿರಲಿಲ್ಲ. ಆ ಹುಡುಗನಿಗೆ ಕಂಡಿತ್ತು. ಗೇಟು ಮುಚ್ಚಬಾರದು ಎಂಬ ನನ್ನ ಅಭಿಪ್ರಾಯ ಅವತ್ತಿನಿಂದ ಬದಲಾಗಿಲ್ಲ.

ಅವತ್ತು ನಾನು ಮಾಡಿದ ಫೋನುಗಳ ಲೆಕ್ಕ ಕೇಳಬೇಡಿ. ಒಂದು ಕಚೇರಿ, ಕೆರೆ ಮಾತ್ರ ನಮ್ಮದು, ಕೊಳಚೆ ನಮ್ಮದಲ್ಲ ಅಂದಿತು. ಇನ್ನೊಂದು, ಪೈಪು ನಮ್ಮದು, ಮಳೆಕಾಲುವೆ ನಮ್ಮದಲ್ಲ ಅಂದಿತು. ಮೀನಿಗೆ ಬೇರೆ ಇಲಾಖೆ, ನೀರಿನ ಪರೀಕ್ಷೆಗೆ ಬೇರೆ, ಒತ್ತುವರಿ ಅಳೆಯಲು ಮತ್ತೊಂದು. ನಮ್ಮೂರಲ್ಲಿ ಒಬ್ಬ ನೀರುಗಂಟಿ ಮಾಡುತ್ತಿದ್ದ ಕೆಲಸ ಇದು. ಮೇಲಿನವರೋ, ಬೋರ್ಡು ಬದಲಿಸುತ್ತಲೇ ಇದ್ದಾರೆ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಅದರ ಕಾಲದಲ್ಲೇ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ಜನ ಹೈಕೋರ್ಟಿಗೆ ಹೋಗಬೇಕಾಯಿತು. 2014ರಲ್ಲಿ ಹೊಸ ಕಾಯ್ದೆ, ಹೊಸ ಪ್ರಾಧಿಕಾರ. 2018ರಲ್ಲಿ ಅದೂ ಇನ್ನೊಂದರಲ್ಲಿ ಸೇರಿಹೋಯಿತು. 2025ರಲ್ಲಿ ಪಾಲಿಕೆಯೇ ಐದಾಯಿತು. ಇಷ್ಟೆಲ್ಲ ಆದರೂ ರಾತ್ರಿ ಎರಡು ಗಂಟೆಗೆ ಕೊಳಚೆ ನುಗ್ಗಿದರೆ ಎದ್ದು ಬರುವ ಒಬ್ಬ ಮನುಷ್ಯನನ್ನು ಯಾರೂ ನೇಮಿಸಲಿಲ್ಲ.

ಹುಲ್ಲು ಕೊಯ್ಯುವವರ ಬಗ್ಗೆ ದೂರಿದ್ದೀರಿ. ಕೊಳಚೆಯ ಸತ್ವ ಹೀರಿಕೊಂಡೇ ದಂಡೆಯ ಹುಲ್ಲು, ಜೊಂಡು ಅಷ್ಟು ಸೊಂಪಾಗಿ ಬೆಳೆಯುವುದು. ಅದು ಅಲ್ಲೇ ಕೊಳೆತರೆ ಆ ಸತ್ವವೆಲ್ಲ ಮತ್ತೆ ನೀರಿಗೆ ಸೇರುತ್ತದೆ. ಕೊಯ್ದು ಹೊತ್ತು ಹೊರಗೆ ಒಯ್ದರೆ ಕೆರೆಯ ಹೊರೆ ಇಳಿಯುತ್ತದೆ. ಇದೇ ಕೆಲಸಕ್ಕೆ ಯಂತ್ರ ತರಿಸಿ, ಬಿಲ್ಲು ಮಾಡಿ ದುಡ್ಡು ಕೊಡುತ್ತಾರೆ. ನಿಮ್ಮ ಹಳ್ಳಿಯವರು ಪುಕ್ಕಟೆ ಮಾಡುತ್ತಿದ್ದಾರೆ. ಅಜ್ಜಿ ಕೀಳುವುದು ಹೊನಗೊನ್ನೆ ಸೊಪ್ಪೋ ಒಂದೆಲಗವೋ ಇರಬೇಕು. ನೀರಂಚು ಮೆಲ್ಲಗೆ ಇಳಿಜಾರಾಗಿದ್ದರೆ ಮಾತ್ರ ಅವು ಬರುತ್ತವೆ. ಸುತ್ತ ಕಲ್ಲು ಕಟ್ಟಿ ಕೆರೆಯನ್ನು ಬಟ್ಟಲಿನ ಹಾಗೆ ಮಾಡಿದ ಕಡೆ ಸೊಪ್ಪಿಲ್ಲ, ನಡೆದಾಡಿ ಹುಳು ಹೆಕ್ಕುವ ಹಕ್ಕಿಗಳೂ ಇಲ್ಲ. ಎಮ್ಮೆ ಜಾಸ್ತಿಯಾದರೆ ತೊಂದರೆ ನಿಜ. ಅದಕ್ಕೆ ಒಂದು ಕಡೆ, ಒಂದು ಹೊತ್ತು ಅಂತ ಕೂತು ಮಾತಾಡಿ ಗೊತ್ತು ಮಾಡಬಹುದು.

ಇದು ಆಗದ ಮಾತು ಎನ್ನಬೇಡಿ. ನಿಮ್ಮ ರಸ್ತೆಯಲ್ಲೇ ಕೈಕೊಂಡ್ರಹಳ್ಳಿ ಕೆರೆ ಇದೆ. ಅಲ್ಲಿ ನಿವಾಸಿಗಳು ಪಾಲಿಕೆಯ ಜೊತೆ ಕೂತು ಕೆರೆಗೆ ಜೀವ ಕೊಟ್ಟಾಗ ಮೇವು ಕೊಯ್ಯುವವರನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಎಲಿನೋರ್ ಆಸ್ಟ್ರಮ್ ಎಂಬ ಅಮೆರಿಕದ ವಿದ್ವಾಂಸೆ 2012ರಲ್ಲಿ ಆ ಕೆರೆ ನೋಡಲು ಬಂದು ಸಸಿ ನೆಟ್ಟು ಹೋದರು. ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಕಾಡು, ನೀರು, ಮೀನನ್ನು ಬಳಸುವ ಜನ ತಾವೇ ನಿಯಮ ಮಾಡಿ, ತಾವೇ ಕಾವಲು ಕಾದು ಉಳಿಸಿಕೊಂಡದ್ದನ್ನು ದೇಶ ದೇಶಗಳಲ್ಲಿ ನೋಡಿ ಬರೆದವರು. ಜಕ್ಕೂರು ಕೆರೆಗೂ ಒಮ್ಮೆ ಹೋಗಿ ಬನ್ನಿ. ಕೊಳಚೆ ಶುದ್ಧೀಕರಣ ಘಟಕದ ನೀರು ಅಲ್ಲಿ ಜೊಂಡಿನ ಜೌಗಿನ ಮೂಲಕ ಹಾದು ಕೆರೆಗೆ ಸೇರುತ್ತದೆ. ಮೀನುಗಾರರೂ ಇದ್ದಾರೆ, ವಾಕಿಂಗಿನವರೂ ಇದ್ದಾರೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ಕಾದರು. ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರನ್ನೇ ಕೆರೆಗೆ ಬಿಡಿಸಿಕೊಂಡರು.

ಬೇಲಿಗೆಂದು ಎತ್ತಿಟ್ಟ ದುಡ್ಡಿಗೆ ಬೇರೆ ಕೆಲಸ ಇದೆ, ಮೇಡಂ. ನಿಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ, ರಾತ್ರಿಯೂ ಓಡುತ್ತಿದೆಯಾ? ಗಾಳಿ ಊದುವ ಬ್ಲೋಯರ್‌ಗಳನ್ನು ಕರೆಂಟ್ ಬಿಲ್ಲಿಗೆ ಹೆದರಿ ಆರಿಸುವ ಕಡೆಗಳನ್ನು ನಾನು ಕಂಡಿದ್ದೇನೆ. ರಾತ್ರಿ ಹತ್ತರ ಮೇಲೆ ಅಲ್ಲಿಗೆ ಇಳಿದು ಹೋಗಿ, ಸದ್ದು ಕೇಳುತ್ತದಾ ನೋಡಿ. ನಡೆಸುವ ಹುಡುಗನ ಹೆಸರು ಕೇಳಿ, ಅವನ ಸಂಬಳ ಎಷ್ಟು ಅಂತಲೂ ಕೇಳಿ. ಆಮೇಲೆ ಒಂದು ಭಾನುವಾರ ಪ್ಲಾಸ್ಟಿಕ್ ಬಿಟ್ಟು, ಕೆರೆಗೆ ನೀರು ತರುವ ಕಾಲುವೆಯ ಗುಂಟ ಮೇಲಕ್ಕೆ ನಡೆಯಿರಿ. ಯಾವ ಕಟ್ಟಡದ ಪೈಪು ಎಲ್ಲಿ ಬಾಯಿ ಬಿಟ್ಟಿದೆ ಅಂತ ಬರೆದುಕೊಳ್ಳಿ. ಗಾಳ ಹಾಕುವ ಹುಡುಗರನ್ನು ಜೊತೆಗೆ ಕರೆದುಕೊಳ್ಳಿ. ಅವರಿಗೆ ಅರ್ಧ ಈಗಾಗಲೇ ಗೊತ್ತಿರುತ್ತದೆ.

ಸಂಘದ ಮುಂದಿನ ಸಭೆಗೆ ಆ ಅಜ್ಜಿಯನ್ನು ಕರೆಯಿರಿ. ಕುರ್ಚಿ ಹಾಕಿ, ಟೀ ಕೊಡಿ. ಮೊದಲು ಯಾವ ದಂಡೆಯಲ್ಲಿ ಸೊಪ್ಪು ಸಿಗುತ್ತಿತ್ತು, ಈಗ ಯಾವ ದಂಡೆ ಬಿಟ್ಟಿದ್ದೀರಿ, ಯಾಕೆ ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ನನಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೆಂದೇ ಇಟ್ಟಿರುತ್ತೇನೆ.